ಮೊದಲು ಬ್ರೇಕ್, ಆಮೇಲೆ ಬಣ್ಣ

ನಮ್ಮ ಮನೆ ಅಲೆವೂರಿನಲ್ಲಿ. ಮನೆಯ ಅಂಗಳದಲ್ಲಿ ಹಲಸಿನ ಮರದ ಕೆಳಗೆ ಒಂದು ಓಮ್ನಿ ನಿಂತಿರುತ್ತದೆ. 2008ರ ಮಾಡೆಲ್. ಬಿಳಿ ಬಣ್ಣದ್ದು ಎಂದು ಕಾಗದದಲ್ಲಿ ಬರೆದಿದೆ. ಈಗ ಅದನ್ನು ಬಿಳಿ ಎನ್ನಲು ಸ್ವಲ್ಪ ಧೈರ್ಯ ಬೇಕು.

ನನ್ನವರು ಗಲ್ಫ್‌ನಿಂದ ಮರಳಿ ಬಂದು ಅಂಗಡಿ ಇಟ್ಟಾಗ ಸಾಮಾನು ತರಲೆಂದು ಇದನ್ನು ಸೆಕೆಂಡ್ ಹ್ಯಾಂಡಿಗೆ ಕೊಂಡರು. ಬೆಳಿಗ್ಗೆ ಅಕ್ಕಿ ಮೂಟೆ, ಮಧ್ಯಾಹ್ನ ಮಕ್ಕಳು, ಸಂಜೆ ಅತ್ತೆಯನ್ನು ಮಣಿಪಾಲದ ಆಸ್ಪತ್ರೆಗೆ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದದ್ದು ಆ ಗಾಡಿ. ನಮ್ಮ ಕರಾವಳಿಯಲ್ಲಿ ಓಮ್ನಿ ಕಾಣದ ಮನೆಯವರು ಯಾರಿದ್ದಾರೆ? ಮಾರುತಿ ಕಂಪೆನಿ 1984ರಲ್ಲಿ ‘ವ್ಯಾನ್’ ಎಂದು ಹೊರತಂದ ಗಾಡಿಗೆ 1988ರಲ್ಲಿ ಓಮ್ನಿ ಎಂಬ ಹೆಸರು ಬಂತು. 2019ರಲ್ಲಿ ಅದರ ತಯಾರಿಯೇ ನಿಂತಿತು. ಹಾಗಾಗಿ ಈಗ ರಸ್ತೆಯಲ್ಲಿ ಕಾಣುವ ಓಮ್ನಿಗಳೆಲ್ಲ ಒಂದೋ ಹಳೆಯವು, ಇಲ್ಲವೇ ತುಂಬಾ ಹಳೆಯವು.

ಈ ಗಾಡಿಯನ್ನು ‘ಮನೆ’ ಮಾಡಿದ್ದು ನನ್ನ ಮಗ. ಅವನು ಮೊಬೈಲಿನಲ್ಲಿ ಯಾರೋ ವಿದೇಶದವರು ವ್ಯಾನಿನಲ್ಲೇ ಮಲಗಿ, ಅಡುಗೆ ಮಾಡಿ, ದೇಶ ಸುತ್ತುವುದನ್ನು ನೋಡಿದ. “ಉಮ್ಮಾ, ನಮಗೂ ಆಗುತ್ತದೆ” ಎಂದ. ಹಿಂದಿನ ಸೀಟನ್ನು ಮಡಚಿ, ಅದರ ಮೇಲೆ ಹಲಗೆ ಹಾಕಿ, ಫೋಮ್ ಹಾಸಿಗೆ ಕೂರಿಸಿದ. ಸೊಳ್ಳೆ ಪರದೆ, ನೀರಿನ ಕ್ಯಾನ್, 5 ಕೆ.ಜಿ.ಯ ಸಣ್ಣ ಸಿಲಿಂಡರ್ ಮತ್ತು ಒಂದು ಒಲೆ. ಸೀಟನ್ನೇ ಕಿತ್ತು ಹಾಕೋಣ ಎಂದೂ ಹೊರಟಿದ್ದ. ಆರ್‌ಸಿಯಲ್ಲಿ ಬರೆದದ್ದಕ್ಕಿಂತ ಗಾಡಿಯನ್ನು ಬೇರೆ ಮಾಡಿದರೆ ಆರ್‌ಟಿಒ ಒಪ್ಪಿಗೆ ಬೇಕು, ಇಲ್ಲದಿದ್ದರೆ ಕಾನೂನಿಗೆ ವಿರುದ್ಧ ಎಂದು ಅವನ ಅಪ್ಪ ತಡೆದರು.

ಅತ್ತೆಗೆ ಇದು ಬಹಳ ಇಷ್ಟವಾಯಿತು. ಎಪ್ಪತ್ತು ದಾಟಿದ ಜೀವ, ಮಂಡಿ ನೋವು. ಬಸ್ಸಿನ ಮೆಟ್ಟಿಲು ಹತ್ತಲಾಗದೆ ಎಷ್ಟೋ ವರ್ಷ ಮನೆಯಲ್ಲೇ ಉಳಿದವರು. ಓಮ್ನಿಯ ಬಾಗಿಲು ಬದಿಗೆ ಜಾರುತ್ತದೆ, ನೆಲ ತಗ್ಗಿನಲ್ಲಿದೆ, ಕುಳಿತು ಹಾಗೇ ಕಾಲು ಒಳಗೆ ಎಳೆದುಕೊಳ್ಳಬಹುದು. ಭಾನುವಾರ ಸಂಜೆ ಕಾಪುವಿಗೆ ಹೋಗಿ, 1901ರಲ್ಲಿ ಕಟ್ಟಿದ ಆ ದೀಪಸ್ತಂಭ ಕಾಣುವಂತೆ ಗಾಡಿ ನಿಲ್ಲಿಸಿದರೆ ಅತ್ತೆ ಇಳಿಯುವುದೇ ಬೇಡ. ಒಳಗೆ ಮಲಗಿಯೇ ಸಮುದ್ರ ನೋಡುತ್ತಿದ್ದರು. “ನನ್ನ ಮದುವೆಯಾದ ಮೇಲೆ ಇಷ್ಟು ತಿರುಗಿದ್ದು ಈಗಲೇ” ಎಂದು ಒಮ್ಮೆ ಹೇಳಿದರು. ಆ ಮಾತು ಕೇಳಿ ನನಗೆ ಗಾಡಿಯ ಮೇಲೆ ಪ್ರೀತಿ ಹೆಚ್ಚಾಯಿತು.

ಪ್ರೀತಿ ಹೆಚ್ಚಾದಾಗ ನಾವು ಹೆಂಗಸರು ಏನು ಮಾಡುತ್ತೇವೆ? ಅಲಂಕಾರ ಮಾಡುತ್ತೇವೆ. ನಾನೂ ಅದನ್ನೇ ಮಾಡಿದೆ.

2023ರಲ್ಲಿ ಗಾಡಿಗೆ ಹದಿನೈದು ವರ್ಷ ತುಂಬಿತು. ನೋಂದಣಿ ನವೀಕರಿಸಬೇಕಾಗಿತ್ತು. ಅದರ ಶುಲ್ಕ 2022ರ ಏಪ್ರಿಲ್‌ನಿಂದ ಕಾರುಗಳಿಗೆ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಪರೀಕ್ಷೆಯಾಗಿ, ಹಣ ಕಟ್ಟಿ, ಐದು ವರ್ಷಕ್ಕೆ ಕಾಗದ ಸಿಕ್ಕಿತು. ಆಗ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಹೇಳಿದ್ದರು: “ಅಕ್ಕಾ, ಬ್ರೇಕ್ ಆಯಿಲ್ ಕಪ್ಪಾಗಿದೆ. ಒಮ್ಮೆ ಎಲ್ಲ ಬಿಚ್ಚಿ ಸರಿ ಮಾಡುವ. ಆರೇಳು ಸಾವಿರ ಆದೀತು.” ನಾನೇ ಉತ್ತರ ಕೊಟ್ಟೆ: “ಈಗ ನಿಲ್ಲುತ್ತದಲ್ಲ, ಮುಂದಿನ ವರ್ಷ ನೋಡುವ.” ಆ ಹಣದಲ್ಲಿ ಉಡುಪಿಯಿಂದ ಮೆರೂನ್ ಬಣ್ಣದ ಕರ್ಟನ್ ಬಟ್ಟೆ, ಸೀಟ್ ಕವರ್, ಒಂದು ಸಣ್ಣ ಫ್ಯಾನ್ ತಂದೆ. ಕರ್ಟನನ್ನು ನಾನೇ ಹೊಲಿದೆ. ನೆರಿಗೆ ಚೆನ್ನಾಗಿ ಬಂದಿತ್ತು. ನೋಡಿದವರೆಲ್ಲ ಹೊಗಳಿದರು.

2024ರ ಮೇ ತಿಂಗಳು. ತೀರ್ಥಹಳ್ಳಿಯಲ್ಲಿರುವ ನಾದಿನಿಯ ಮನೆಯಲ್ಲಿ ಎರಡು ದಿನವಿದ್ದು ಮರಳುತ್ತಿದ್ದೆವು. ಮಧ್ಯಾಹ್ನದ ಊಟ ಮಾಡಿ ಹೊರಟದ್ದು. ಗಾಡಿ ತುಂಬ ನಾವು ಐವರು, ಜೊತೆಗೆ ನಾದಿನಿ ಕೊಟ್ಟ ಅಡಿಕೆ, ಬಾಳೆಗೊನೆ, ಹಲಸು. ಮುಂದೆ ನನ್ನವರು ಮತ್ತು ಮಗ. ಹಿಂದೆ ಹಲಗೆಯ ಮೇಲೆ ನಾನು, ಮಗಳು, ಅತ್ತೆ. ಆಗುಂಬೆ ಬರುವ ಮೊದಲೇ ಅತ್ತೆಗೆ ಮಂಡಿ ಸೆಳೆಯತೊಡಗಿತು. “ಕಾಲು ಚಾಚಿ ಮಲಗಿ ಬಿಡಿ” ಎಂದವಳೂ ನಾನೇ.

ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ನನ್ನವರಿಗೆ ಒಂದು ಅಭ್ಯಾಸವಿತ್ತು. ಇಳಿಜಾರು ಬಂದರೆ ಪೆಟ್ರೋಲ್ ಉಳಿಯಲಿ ಎಂದು ನ್ಯೂಟ್ರಲ್ ಮಾಡಿ, ಬ್ರೇಕ್ ಒತ್ತುತ್ತಾ ಇಳಿಸುವುದು. ಅರ್ಧ ಘಾಟಿ ಇಳಿದಿರಬೇಕು, ಏನೋ ಸುಟ್ಟ ವಾಸನೆ. ಮುಂದಿನ ಗಾಡಿಯದ್ದೆಂದು ಭಾವಿಸಿದೆವು. ಇನ್ನೆರಡು ತಿರುವು ಕಳೆದಾಗ ಅವರು “ಯಾ ಅಲ್ಲಾಹ್” ಎಂದದ್ದು ಕೇಳಿಸಿತು. ಅವರು ಕೂಗುವವರಲ್ಲ. ಮೆಲ್ಲಗೆ ಹೇಳಿದರು. ಆ ಮೆಲುದನಿಯೇ ನನ್ನ ಎದೆ ನಡುಗಿಸಿತು. ಬ್ರೇಕ್ ಪೆಡಲ್ ನೆಲಕ್ಕೆ ಹೋಗಿ ಕೂತಿತ್ತು.

ಅವರು ಗಿಯರಿಗೆ ಹಾಕಿದರು, ಎರಡನೆಯದು, ಮತ್ತೆ ಒಂದನೆಯದು. ಇಂಜಿನ್ ಕಿರುಚಿತು. ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವಾಗಿ ಎಳೆದರು. ಕಣಿವೆಯ ಬದಿ ಬಿಟ್ಟು ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿದರು. ಗಾಡಿ ಧಡಕ್ಕೆಂದು ನಿಂತಿತು. ಮಗಳನ್ನು ನಾನು ಅಪ್ಪಿ ಹಿಡಿದಿದ್ದೆ. ಅತ್ತೆಯನ್ನು ಹಿಡಿಯಲು ನನಗೆ ಮೂರನೆಯ ಕೈ ಇರಲಿಲ್ಲ. ಅವರು ಹಾಸಿಗೆ ಸಮೇತ ಜಾರಿ ಮುಂದಿನ ಸೀಟಿಗೆ ಬಡಿದರು. ಸಿಲಿಂಡರ್ ಉರುಳಿ ಬಂದು ಅವರ ಕಾಲ ಬಳಿ ನಿಂತಿತು.

ಅಲ್‌ಹಮ್ದುಲಿಲ್ಲಾಹ್, ಎಲ್ಲರೂ ಬದುಕಿದೆವು. ಅತ್ತೆಯ ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್.

ಆ ದಿನ ಇನ್ನೊಂದು ವಿಚಿತ್ರ ನಡೆಯಿತು. ಮುಕ್ಕಾಲು ಗಂಟೆ ನಿಂತ ಮೇಲೆ ಮಗ ಪೆಡಲ್ ಒತ್ತಿ ನೋಡಿದ. ಬ್ರೇಕ್ ಮೊದಲಿನಂತೆ ಗಟ್ಟಿಯಾಗಿತ್ತು! “ಸರಿಯಾಯ್ತು, ಹೋಗುವ” ಎಂದ. ನನ್ನವರು ಒಪ್ಪಲಿಲ್ಲ. ಬೇರೆ ಗಾಡಿಯಲ್ಲಿ ನಮ್ಮನ್ನು ಹೆಬ್ರಿಗೆ ಕಳುಹಿಸಿ, ಓಮ್ನಿಯನ್ನು ಟೋ ಮಾಡಿಸಿ ತಂದರು.

ಗ್ಯಾರೇಜಿನ ಹಿರಿಯರು “ನಾನು ಹೇಳಿರಲಿಲ್ಲವಾ” ಎನ್ನಲಿಲ್ಲ. ಹಾಗೆಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಅವರು ನನಗೆ ಅರ್ಥವಾಗುವ ಹಾಗೆ ವಿವರಿಸಿದರು. “ಅಕ್ಕಾ, ಉಪ್ಪಿನ ಭರಣಿಯ ಮುಚ್ಚಳ ಸರಿಯಿಲ್ಲದಿದ್ದರೆ ಮಳೆಗಾಲದಲ್ಲಿ ಏನಾಗುತ್ತದೆ? ಉಪ್ಪು ನೀರು ಕುಡಿಯುತ್ತದೆ. ಬ್ರೇಕ್ ಆಯಿಲೂ ಹಾಗೆಯೇ. ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.” ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ನಮ್ಮೂರಿನಲ್ಲಿ ತೇವಕ್ಕೆ ಬರಗಾಲವೇ? ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು. ನೀರು ಸೇರಿ ಹಳತಾದರೆ 140ರ ಆಸುಪಾಸಿಗೇ ಕುದಿಯಬಹುದು. ಘಾಟಿಯಲ್ಲಿ ಒಂದೇ ಸಮನೆ ಬ್ರೇಕ್ ಒತ್ತಿದಾಗ ಚಕ್ರದ ಬಳಿ ಆ ಬಿಸಿ ಹುಟ್ಟುತ್ತದೆ. ಆಯಿಲ್ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ನಾವು ಕಾಲಿನಿಂದ ಒತ್ತುವುದು ಗುಳ್ಳೆಯನ್ನು, ಬ್ರೇಕನ್ನಲ್ಲ. ತಣ್ಣಗಾದರೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಆದರೆ ಅದು ಗುಣವಾದದ್ದಲ್ಲ, ಮುಂದಿನ ಇಳಿಜಾರಿಗೆ ಮತ್ತೆ ಹಾಗೆಯೇ ಆಗುತ್ತದೆ. ಅಂದು ಮಗನ ಮಾತು ಕೇಳಿ ಹೊರಟಿದ್ದರೆ ಎಂದು ನೆನೆದು ಮೈ ಜುಮ್ಮೆಂದಿತು.

“ಯಾವ ಗಿಯರಿನಲ್ಲಿ ಘಾಟಿ ಹತ್ತುತ್ತೀರೋ ಅದೇ ಗಿಯರಿನಲ್ಲಿ ಇಳಿಯಬೇಕು. ನ್ಯೂಟ್ರಲ್ ಮಾಡಿದರೆ ಇಂಜಿನ್ ಹಿಡಿದುಕೊಳ್ಳುವುದಿಲ್ಲ” ಎಂದು ನನ್ನವರಿಗೂ ಹೇಳಿದರು. ನನ್ನವರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಆಮೇಲೆ ಗಾಡಿಯನ್ನು ಎತ್ತಿ ಎಲ್ಲವನ್ನೂ ನೋಡಿದರು. ಪಟ್ಟಿ ಬೆಳೆಯಿತು. ಬಣ್ಣ ಸೇರಿ ಒಟ್ಟು ಎಪ್ಪತ್ತು ಸಾವಿರದ ಹತ್ತಿರ. ಗಾಡಿ ಮಾರಿದರೂ ಅಷ್ಟು ಸಿಗದು! ನನ್ನವರು ಮಾರಿಬಿಡೋಣ ಎಂದರು. ಮಾರಿದರೆ ಅಂಗಡಿಗೆ ಸಾಮಾನು ತರುವುದು ಹೇಗೆ? ಹೊಸತು ಕೊಳ್ಳಲು ಸಾಲ. ಬಡ್ಡಿಯ ಸಾಲಕ್ಕೆ ಕೈಹಾಕುವುದಿಲ್ಲ ಎಂಬುದು ನಮ್ಮ ಮನೆಯ ನಿಯಮ. ನನ್ನ ಬಳಿ ಹೊಲಿಗೆಯಿಂದ ಕೂಡಿಸಿದ 36 ಸಾವಿರವಿತ್ತು. ಮಗಳ ಕಿವಿಯೋಲೆಗೆಂದು ಇಟ್ಟದ್ದು.

ಅದನ್ನು ತೆಗೆದೆ. ಆದರೆ ಈ ಸಲ ಹೇಗೆ ಖರ್ಚು ಮಾಡಬೇಕೆಂದು ನಾನೇ ಕುಳಿತು ಬರೆಯುತ್ತೇನೆ ಎಂದೆ. ನನ್ನವರಿಗೆ ಮೊದಲು ಬಣ್ಣ ಬಳಿಸುವ ಆಸೆ. ಡಿಸೆಂಬರಿನಲ್ಲಿ ನಾದಿನಿಯ ಮಗಳ ಮದುವೆ. “ಹುಡುಗನ ಕಡೆಯವರ ಮುಂದೆ ಈ ಕುಷ್ಠ ಹಿಡಿದಂತಹ ಗಾಡಿಯಲ್ಲಿ ಇಳಿಯುವುದಾ?” ಎಂದರು. ಬಣ್ಣಕ್ಕೇ 28 ಸಾವಿರ. ನಮ್ಮಿಬ್ಬರಿಗೂ ಎರಡು ದಿನ ಮಾತು ಇರಲಿಲ್ಲ. ಮೂರನೆಯ ದಿನ ಅತ್ತೆ ಪ್ಲಾಸ್ಟರ್ ಹಾಕಿದ ಕೈಯನ್ನು ಮಗನ ತಟ್ಟೆಯ ಪಕ್ಕ ಇಟ್ಟು, “ಇದಕ್ಕೂ ಬಣ್ಣ ಬಳಿಯುತ್ತೀಯಾ?” ಎಂದು ಕೇಳಿದರು. ಮಾತು ಅಲ್ಲಿಗೆ ಮುಗಿಯಿತು.

ಪಟ್ಟಿ ಮಾಡಲು ಹಿರಿಯ ಮೆಕ್ಯಾನಿಕ್ ಒಂದು ಸುಲಭ ದಾರಿ ತೋರಿಸಿದರು. ಪ್ರತಿಯೊಂದು ಕೆಲಸಕ್ಕೂ ಒಂದೇ ಪ್ರಶ್ನೆ ಕೇಳಬೇಕು: ಇದು ಕೆಟ್ಟರೆ ಏನಾಗುತ್ತದೆ? ಜೀವ ಹೋಗುತ್ತದೆಯೇ, ಗಾಡಿ ದಾರಿಯಲ್ಲಿ ನಿಲ್ಲುತ್ತದೆಯೇ, ಇಲ್ಲಾ ಮರ್ಯಾದೆ ಮಾತ್ರ ಹೋಗುತ್ತದೆಯೇ? ಜೀವ ಹೋಗುವುದು ಮೊದಲು. ದಾರಿಯಲ್ಲಿ ನಿಲ್ಲಿಸುವುದು ಎರಡನೆಯದು. ಮರ್ಯಾದೆ ಕೊನೆಗೆ.

ಹಾಗೆ ನೋಡಿದಾಗ ಬ್ರೇಕ್ ಮೊದಲು ಬಂತು. ಹೊಸ ಆಯಿಲ್, ಮುಂದಿನ ಡಿಸ್ಕಿನ ಪ್ಯಾಡ್, ಹಿಂದಿನ ಡ್ರಮ್ಮಿನ ಶೂ, ಒಳಗಿನ ರಬ್ಬರುಗಳು ಎಲ್ಲ ಸೇರಿ 6,500. ಅದರ ಜೊತೆ ಸ್ಟಿಯರಿಂಗಿನ ಸವೆದ ಕೀಲುಗಳಿಗೆ 3,000.

ಆಮೇಲೆ ಟೈರ್. ನಮ್ಮ ಟೈರಿನ ಹಲ್ಲು ಚೆನ್ನಾಗಿಯೇ ಇತ್ತು. ಕಾನೂನಿನಂತೆ ಕನಿಷ್ಠ 1.6 ಮಿ.ಮೀ. ಆಳ ಇರಬೇಕು, ಅದಕ್ಕಿಂತ ಹೆಚ್ಚೇ ಇತ್ತು. ಆದರೆ ಬದಿಯಲ್ಲಿ ಕೊನೆಯ ನಾಲ್ಕು ಅಂಕೆ ಓದಿಸಿದರು: 2315. ಅಂದರೆ 2015ರ 23ನೆಯ ವಾರದಲ್ಲಿ ತಯಾರಾದದ್ದು. ಒಂಬತ್ತು ವರ್ಷದ ರಬ್ಬರ್. ಬೆರಳಿನಿಂದ ಅಗಲಿಸಿದರೆ ಒಣಗಿದ ಗದ್ದೆಯಂತೆ ಬಿರುಕು. ನಾಲ್ಕಕ್ಕೆ 11,600. ನೀವೂ ಇವತ್ತೇ ನಿಮ್ಮ ಗಾಡಿಯ ಆ ನಾಲ್ಕು ಅಂಕೆ ಓದಿ ನೋಡಿ. ಅದಕ್ಕೆ ಹಣ ಬೇಕಾಗಿಲ್ಲ.

ಮೂರನೆಯದು ಬೆಂಕಿ. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಅಂದರೆ ನಾವು ಅದರ ಮೇಲೆಯೇ ಕೂರುತ್ತೇವೆ. ಪೆಟ್ರೋಲ್ ಸಾಗುವ ರಬ್ಬರ್ ಪೈಪ್ ಬಗ್ಗಿಸಿದರೆ ಬಿರುಕು ಬಾಯಿ ಬಿಡುತ್ತಿತ್ತು. ಪೈಪ್, ಫಿಲ್ಟರ್, ಕ್ಲಿಪ್ಪುಗಳಿಗೆ 1,200. ನಾನು ಆಸೆಪಟ್ಟು ಹಾಕಿಸಿದ ಫ್ಯಾನಿನ ವೈರನ್ನು ಯಾರೋ ಫ್ಯೂಸ್ ಇಲ್ಲದೆ ನೇರ ಬ್ಯಾಟರಿಗೆ ಜೋಡಿಸಿದ್ದರು. ಆ ವೈರ್ ಇಂಜಿನ್ ಬದಿಯ ತಗಡಿಗೆ ಉಜ್ಜಿ ಉಜ್ಜಿ ಸಿಪ್ಪೆ ಕಳೆದುಕೊಂಡಿತ್ತು. ನನ್ನ ಕರ್ಟನ್ ಅದರ ಮೇಲೆಯೇ ತೂಗುತ್ತಿತ್ತು! ವೈರಿಂಗಿಗೆ 2,500. ಬೆಂಕಿ ಆರಿಸುವ ಒಂದು ಕೆ.ಜಿ.ಯ ಸಿಲಿಂಡರಿಗೆ 900.

ನಾಲ್ಕನೆಯದು ಕಾಣುವುದು ಮತ್ತು ಹಿಡಿದಿಡುವುದು. ವೈಪರ್, ಬಲ್ಬುಗಳಿಗೆ 900. ಹಿಂದಿನ ಸೀಟಿನ ಬೆಲ್ಟಿಗೆ 2,400. ನಮ್ಮಲ್ಲಿ ಬೆಲ್ಟ್ ಎಂದರೆ ಡ್ರೈವರಿನದ್ದು, ಅದೂ ಪೊಲೀಸ್ ಕಂಡಾಗ. ಹಿಂದೆ ಕೂರುವ ನಾವು ಹೆಂಗಸರು ಮಗುವನ್ನು ಮಡಿಲಲ್ಲಿ ಹಿಡಿದರೆ ಸಾಕೆಂದು ತಿಳಿದಿರುತ್ತೇವೆ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಬಳಿ ತೀರಿಕೊಂಡಾಗ ಅವರು ಕೂತಿದ್ದದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕದೆ. ಆ ಸುದ್ದಿ ಓದಿ “ಪಾಪ” ಎಂದು ಪತ್ರಿಕೆ ಮಡಚಿಟ್ಟಿದ್ದೆ. ಅದು ನನಗೂ ಹೇಳಿದ ಮಾತೆಂದು ಹೊಳೆದದ್ದು ಘಾಟಿಯಲ್ಲಿ.

ಕೊನೆಗೆ ತುಕ್ಕು. ಕಾಪುವಿನ ಉಪ್ಪುಗಾಳಿ ನಮ್ಮ ಗಾಡಿಯ ನೆಲವನ್ನು ಅಡಿಯಿಂದ ತಿಂದಿತ್ತು. ಬಾಗಿಲಿನ ತುಕ್ಕಾದರೆ ಪರವಾಗಿಲ್ಲ, ಆದರೆ ಸೀಟು ಮತ್ತು ಬೆಲ್ಟು ಹಿಡಿದುಕೊಂಡಿರುವ ನೆಲವೇ ಗಟ್ಟಿಯಿಲ್ಲದಿದ್ದರೆ ಹೊಸ ಬೆಲ್ಟಿನಿಂದ ಏನು ಪ್ರಯೋಜನ? ಹಾಗಾಗಿ ಬೆಲ್ಟಿಗಿಂತ ಮೊದಲು ಅದನ್ನೇ ವೆಲ್ಡ್ ಮಾಡಿಸಿದೆವು, 5,000. ಈಗ ಸಮುದ್ರಕ್ಕೆ ಹೋಗಿ ಬಂದರೆ ಮಗ ಗಾಡಿಯ ಅಡಿಗೆ ಸಿಹಿನೀರು ಹೊಡೆಯುತ್ತಾನೆ.

ಎಲ್ಲ ಸೇರಿ 34 ಸಾವಿರ. ಕ್ಲಚ್ ಸ್ವಲ್ಪ ಜಾರುತ್ತಿತ್ತು. ಅದು ಕೆಟ್ಟರೆ ದಾರಿಯಲ್ಲಿ ನಿಲ್ಲುತ್ತೇವೆ ಅಷ್ಟೇ ಎಂದು ಮುಂದಕ್ಕೆ ಹಾಕಿದೆವು. ಬಣ್ಣ, ಹೊಸ ಸ್ಟೀರಿಯೋ, ಮಗ ಕೇಳಿದ ಮರದ ಕಪಾಟು ಎಲ್ಲ ಪಟ್ಟಿಯ ತಳಕ್ಕೆ ಹೋದವು. ಹಣ ಖರ್ಚಿಲ್ಲದ ಒಂದು ನಿಯಮವನ್ನೂ ಸೇರಿಸಿದೆವು. ಗಾಡಿ ಓಡುವಾಗ ಹಲಗೆ ಮಡಚಿರಬೇಕು, ಎಲ್ಲರೂ ಸೀಟಿನಲ್ಲಿ, ಬೆಲ್ಟಿನಲ್ಲಿ. ಕಾಲು ನೋವಾದರೆ ಗಾಡಿ ನಿಲ್ಲಿಸಿ ಮಲಗುವುದು.

ಡಿಸೆಂಬರ್ ಬಂತು. ಮದುವೆ ತಿಂಗಳ ಕೊನೆಯ ವಾರದಲ್ಲಿ. ನಾದಿನಿಯ ಮನೆ ನೆಂಟರಿಂದ ತುಂಬಿರುತ್ತದೆ, ನಾವು ಗಾಡಿಯಲ್ಲೇ ಮಲಗುವುದೆಂದು ತೀರ್ಮಾನವಾಗಿತ್ತು. ಹೊರಡುವ ಸಿದ್ಧತೆಯಲ್ಲಿರುವಾಗಲೇ ಕೇರಳದ ವಡಗರದಿಂದ ಆ ಸುದ್ದಿ ಬಂತು. ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಗಂಡಸರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಬಂದ ಕಾರ್ಬನ್ ಮೊನಾಕ್ಸೈಡ್ ಕಾರಣವೆಂದು ಆಮೇಲೆ ತನಿಖೆಯಲ್ಲಿ ಗೊತ್ತಾಯಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ತೀರ್ಥಹಳ್ಳಿಯಲ್ಲಿ ರಾತ್ರಿ ಚಳಿ ಚೆನ್ನಾಗಿಯೇ ಇತ್ತು. ನಾದಿನಿ ಪ್ರೀತಿಯಿಂದ ಒಂದು ಅಗ್ಗಿಷ್ಟಿಕೆ ತುಂಬ ಕೆಂಡ ತಂದು, “ಉಮ್ಮನ ಕಾಲ ಬಳಿ ಇಡಿ, ಗ್ಲಾಸ್ ಮುಚ್ಚಿಕೊಳ್ಳಿ” ಎಂದಳು. ಬೇಡವೆಂದೆ. ಅವಳಿಗೆ ಬೇಸರವಾಯಿತು. ಕೆಂಡದಿಂದಲೂ ಅದೇ ಅನಿಲ ಬರುತ್ತದೆ, ಹೊಗೆ ಕಾಣದಿದ್ದರೂ ಬರುತ್ತದೆ ಎಂದು ತಿಳಿಸಿ ಹೇಳಿದೆ. ಎರಡು ಕಂಬಳಿ ಹೆಚ್ಚು ತೆಗೆದುಕೊಂಡು, ಎರಡು ಬದಿಯ ಗ್ಲಾಸನ್ನು ನಾಲ್ಕು ಬೆರಳಿನಷ್ಟು ತೆರೆದಿಟ್ಟು ಮಲಗಿದೆವು. ಇಂಜಿನ್ ಬಂದ್. ಗ್ಯಾಸಿನ ಒಲೆಯನ್ನಂತೂ ಮನೆಯಲ್ಲೇ ಬಿಟ್ಟು ಬಂದಿದ್ದೆ. ಅಡುಗೆಯ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಕೂರುತ್ತದೆ, ಅಂದರೆ ಹಲಗೆಯ ಅಡಿಯಲ್ಲೇ. ಈಗ ಪ್ರಯಾಣಕ್ಕೆ ರೊಟ್ಟಿ ಮತ್ತು ಒಣ ಪಲ್ಯ ಕಟ್ಟಿಕೊಳ್ಳುತ್ತೇನೆ, ಫ್ಲಾಸ್ಕಿನಲ್ಲಿ ಚಹಾ.

ಮದುವೆಯ ದಿನ ಹುಡುಗನ ಕಡೆಯ ಒಬ್ಬರು ನಮ್ಮ ಗಾಡಿಯನ್ನು ನೋಡಿ, “ಇದು ಓಡುತ್ತದಾ?” ಎಂದು ನಗುತ್ತಾ ಕೇಳಿದರು. ನನ್ನವರು ಏನು ಹೇಳುತ್ತಾರೋ ಎಂದು ನಾನು ನೋಡುತ್ತಿದ್ದೆ. “ನಿಲ್ಲುತ್ತದೆ” ಎಂದರು.

ಮರಳುವಾಗ ಅದೇ ಆಗುಂಬೆ. ಬಿಸ್ಮಿಲ್ಲಾಹ್ ಹೇಳಿ ಎರಡನೆಯ ಗಿಯರಿನಲ್ಲಿ ಇಳಿದೆವು. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು, ಬದಿ ಕೊಟ್ಟೆವು. ಅತ್ತೆ ನನ್ನ ಪಕ್ಕ ಬೆಲ್ಟ್ ಹಾಕಿ ಕೂತು, ಒಂದೊಂದೇ ತಿರುವು ಎಣಿಸುತ್ತಿದ್ದರು. ಆ ಚರಂಡಿಯ ಜಾಗ ಬಂದಾಗ ಎಣಿಕೆ ನಿಂತಿತು. ನನ್ನ ಕೈ ಹಿಡಿದುಕೊಂಡರು. ಅವರ ಮಣಿಕಟ್ಟು ಈಗಲೂ ಪೂರ್ತಿ ತಿರುಗುವುದಿಲ್ಲ, ಮಳೆ ಬಂದರೆ ನೋಯುತ್ತದೆ. ಅದಕ್ಕೆ ಅವರು ನನ್ನನ್ನು ಒಂದು ಮಾತೂ ಅಂದವರಲ್ಲ. ಸೋಮೇಶ್ವರ ತಲುಪಿದಾಗ, “ಹದಿನಾಲ್ಕೂ ಆಯಿತು. ಚಹಾ ಕೊಡು” ಎಂದರು.

ಗಾಡಿಗೆ ಇನ್ನೂ ಬಣ್ಣ ಬಳಿಸಿಲ್ಲ. ಮಗಳ ಕಿವಿಯೋಲೆಗೆ ಮತ್ತೆ ಮೊದಲಿನಿಂದ ಹಣ ಕೂಡಿಸುತ್ತಿದ್ದೇನೆ. ಅವಳು ಒಮ್ಮೆ ಕೇಳಿದ್ದಳು, ಈಗ ಕೇಳುವುದಿಲ್ಲ. ಮೆರೂನ್ ಕರ್ಟನನ್ನು ಬಿಚ್ಚಿ ತೊಳೆದು, ಅಡುಗೆಮನೆಯ ಕಿಟಕಿಗೆ ಹಾಕಿದ್ದೇನೆ. ಅದರ ಪಕ್ಕದ ಕಪಾಟಿನ ಬಾಗಿಲಿನ ಒಳಗೆ ಆ ಪಟ್ಟಿ ಅಂಟಿಸಿದೆ. ಉಪ್ಪಿನ ಭರಣಿ ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುವಂತೆ, ಎಲ್ಲಕ್ಕಿಂತ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ: ‘ಬ್ರೇಕ್ ಆಯಿಲ್ ಬದಲಿಸಿದ್ದು 2024 ಜೂನ್. ಮುಂದಿನದು 2026 ಜೂನ್. ನಿಲ್ಲುತ್ತದಲ್ಲ ಎಂದು ಮುಂದಕ್ಕೆ ಹಾಕಬಾರದು.’